ಶಕ್ತಿತಸ್ತಪ: ಪರೀಕ್ಷೆಯ ವರ್ಷದಲ್ಲಿ ನಮ್ಮ ಮಕ್ಕಳು ಹಿಡಿಯುವ ವ್ರತಗಳು



ವ್ರತೋಪವಾಸಗಳನ್ನು ಕುರಿತು ಈ ಪತ್ರಿಕೆಯಲ್ಲಿ ಬರುವ ಪಾಠಗಳು ಸಾಮಾನ್ಯವಾಗಿ ಹಿರಿಯರನ್ನು ಉದ್ದೇಶಿಸಿದವು. ಈ ಸಲದ ಪಾಠವು ಹತ್ತನೆಯ ತರಗತಿಯಲ್ಲಿಯೋ ಪದವಿಪೂರ್ವ ತರಗತಿಯಲ್ಲಿಯೋ ಓದುತ್ತಿರುವ ಮಕ್ಕಳುಳ್ಳ ಮನೆಗಳಿಗೆ ಮೀಸಲು. ತಂದೆ ತಾಯಿಗಳೂ ಅಜ್ಜ ಅಜ್ಜಿಯರೂ ಇದನ್ನು ಒಟ್ಟಿಗೆ ಕುಳಿತು ಓದಬೇಕೆಂದು ವಿನಂತಿ. ಸಾಧ್ಯವಾದರೆ ಮಕ್ಕಳೂ ಜೊತೆಯಲ್ಲಿರಲಿ.

1. ಒಂದು ಪ್ರಸಂಗ

ನಾನು ನಮ್ಮೂರಿನ ಬಸದಿಯ ಪಾಠಶಾಲೆಯಲ್ಲಿ ಭಾನುವಾರಗಳಂದು ಮಕ್ಕಳಿಗೆ ಪಾಠ ಹೇಳುವವನು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಬರುತ್ತಿದ್ದ ಹತ್ತನೆಯ ತರಗತಿಯ ಬಾಲಕಿಯೊಬ್ಬಳು ಮಾಘಮಾಸದಲ್ಲಿ ಒಪ್ಪತ್ತು ಮಾಡತೊಡಗಿದಳು. ಅಷ್ಟಮಿ ಚತುರ್ದಶಿಗಳಲ್ಲಿ ಮಾತ್ರವಲ್ಲ, ನಡುವಿನ ದಿನಗಳಲ್ಲಿಯೂ ಮಾಡಿದಳು. ಆಕೆಯ ಅಜ್ಜಿ ಬಸದಿಯಲ್ಲಿ ಎಲ್ಲರ ಎದುರಿಗೆ, “ಪರೀಕ್ಷೆಯ ಕಾಲದಲ್ಲಿಯೂ ನಮ್ಮ ಮೊಮ್ಮಗಳು ಒಪ್ಪತ್ತು ಬಿಟ್ಟಿಲ್ಲ, ಪಂಡಿತರೇ” ಎಂದು ಹೇಳಿ ಸಂತೋಷಪಟ್ಟರು. ನಾನೂ ಸಂತೋಷಪಟ್ಟೆ. ಮುಂದಿನ ಭಾನುವಾರ ತರಗತಿಯಲ್ಲಿ ಆಕೆಯನ್ನು ಎಬ್ಬಿಸಿ ನಿಲ್ಲಿಸಿ, ಉಳಿದ ಮಕ್ಕಳು ಈಕೆಯನ್ನು ನೋಡಿ ಕಲಿಯಬೇಕೆಂದು ಹೇಳಿದೆ.

ಎರಡು ವಾರಗಳ ಅನಂತರ ಆಕೆಗೆ ಭಕ್ತಾಮರ ಸ್ತೋತ್ರವನ್ನು ಪಠಿಸುವಂತೆ ಸೂಚಿಸಿದೆ. ನಲವತ್ತೆಂಟು ಶ್ಲೋಕಗಳೂ ಆಕೆಗೆ ಕಂಠಸ್ಥವಾಗಿದ್ದವು. ಹನ್ನೆರಡನೆಯ ಶ್ಲೋಕದ ಹತ್ತಿರ ಒಂದು ಪದ ತಪ್ಪಿತು. ತಿದ್ದಿಕೊಂಡು ಮುಂದೆ ಹೋಗಬಹುದಾಗಿತ್ತು. ಆಕೆ ಹಾಗೆ ಮಾಡದೆ ಮೊದಲಿನಿಂದ ಆರಂಭಿಸಿದಳು. ಮತ್ತೆ ತಪ್ಪಿತು, ಮತ್ತೆ ಮೊದಲಿನಿಂದ. ಮೂರನೆಯ ಸಲ ತಪ್ಪಿದಾಗ ಕೈಗಳು ನಡುಗುತ್ತಿದ್ದವು, ಕಣ್ಣಲ್ಲಿ ನೀರು ಬಂದಿತ್ತು. ಅಂದು ಸಂಜೆ ತಾಯಿಯು ಆಕೆಯ ಪುಸ್ತಕಗಳ ನಡುವೆ ಒಂದು ಸಣ್ಣ ಟಿಪ್ಪಣಿ ಪುಸ್ತಕವನ್ನು ಕಂಡರು. ಅದರಲ್ಲಿ ಮೂರು ಕಾಲಂಗಳಿದ್ದವು: ವಿಷಯ, ಕಳೆದುಕೊಂಡ ಅಂಕ, ಒಪ್ಪತ್ತು. ಗಣಿತ, 4, 4. ವಿಜ್ಞಾನ, 7, 7. ಹೀಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕಳೆದುಕೊಂಡ 23 ಅಂಕಗಳಿಗೆ 23 ಒಪ್ಪತ್ತುಗಳು. ಆಕೆ ಪಡೆದಿದ್ದುದು 625ಕ್ಕೆ 602. ಆ 602 ಆ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ನಾವು ಯಾವುದನ್ನು ತಪಸ್ಸೆಂದು ಭಾವಿಸಿ ಹೊಗಳಿದ್ದೆವೋ ಅದು ಒಂದು ಮಗು ತನಗೆ ತಾನೇ ವಿಧಿಸಿಕೊಂಡ ದಂಡವಾಗಿತ್ತು. ನಮ್ಮ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತದ ಮೊದಲ ಭೇದಕ್ಕೆ ಆಲೋಚನೆ ಎಂದು ಹೆಸರು. ಮಾಡಿದ ದೋಷವನ್ನು ಮರೆಮಾಚದೆ ಹೇಳಿಕೊಳ್ಳುವುದು ಎಂದರ್ಥ. ಈ ಪಾಠವನ್ನು ನನ್ನ ಆಲೋಚನೆಯೆಂದೇ ಓದುಗರು ಸ್ವೀಕರಿಸಬೇಕು.

2. ಶ್ರಮಕ್ಕೂ ಹಠಕ್ಕೂ ಇರುವ ಅಂತರ

ಮಕ್ಕಳು ಚೆನ್ನಾಗಿ ಓದಬೇಕೆಂಬ ಆಸೆ ತಪ್ಪಲ್ಲ. ಶ್ರಮಪಟ್ಟು ಓದುವ ವಿದ್ಯಾರ್ಥಿಗೂ ಪರಿಪೂರ್ಣತೆಯ ಹಠಕ್ಕೆ ಸಿಕ್ಕಿದ ವಿದ್ಯಾರ್ಥಿಗೂ ಹೊರಗಿನಿಂದ ನೋಡುವವರಿಗೆ ಭೇದ ಕಾಣದು. ಇಬ್ಬರೂ ಪುಸ್ತಕದ ಮುಂದೆ ಕುಳಿತಿರುತ್ತಾರೆ. ತಪ್ಪು ಸಂಭವಿಸಿದಾಗ ಭೇದವು ಗೊತ್ತಾಗುತ್ತದೆ. ಮೊದಲನೆಯವನು ತಪ್ಪನ್ನು ನೋಡಿ, ತಿದ್ದಿಕೊಂಡು, ಮುಂದೆ ಹೋಗುತ್ತಾನೆ. ಎರಡನೆಯವನಿಗೆ ತಪ್ಪೆಂಬುದು ತನ್ನ ಯೋಗ್ಯತೆಯ ಮೇಲೆ ಬಂದ ತೀರ್ಪು. ಬರೆದುದನ್ನು ಅಳಿಸಿ ಅಳಿಸಿ ಬರೆಯುತ್ತಾನೆ, ಸರಿಯಾಗಿ ಬಾರದೆಂಬ ಭಯದಿಂದ ಆರಂಭಿಸುವುದನ್ನೇ ಮುಂದೂಡುತ್ತಾನೆ, ಅಜ್ಞಾನ ಬಯಲಾದೀತೆಂದು ತರಗತಿಯಲ್ಲಿ ಸಂದೇಹ ಕೇಳುವುದಿಲ್ಲ, ನಿದ್ರೆಯನ್ನು ಕದಿಯುತ್ತಾನೆ.

ಕೆನಡಾ ದೇಶದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬವರು 1991ರಲ್ಲಿ ಈ ಹಠವನ್ನು ಮೂರು ವಿಧವಾಗಿ ವಿಂಗಡಿಸಿದರು. ತನ್ನಿಂದ ತಾನೇ ನಿರ್ದೋಷತೆಯನ್ನು ಅಪೇಕ್ಷಿಸುವುದು ಒಂದು. ಇತರರಿಂದ ಅಪೇಕ್ಷಿಸುವುದು ಎರಡು. ಇತರರು ತನ್ನಿಂದ ಅದನ್ನೇ ಅಪೇಕ್ಷಿಸುತ್ತಿದ್ದಾರೆ, ಅದಿಲ್ಲದಿದ್ದರೆ ತನ್ನನ್ನು ಒಪ್ಪಲಾರರು ಎಂದು ನಂಬುವುದು ಮೂರು. ಅಮೆರಿಕ, ಕೆನಡಾ, ಬ್ರಿಟನ್ ದೇಶಗಳ ಕಾಲೇಜು ವಿದ್ಯಾರ್ಥಿಗಳ ಬಗ್ಗೆ 1989ರಿಂದ 2016ರವರೆಗೆ ಸಂಗ್ರಹವಾದ ಮಾಹಿತಿಯನ್ನು ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬ ವಿದ್ವಾಂಸರು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. ಮೂರೂ ವಿಧಗಳು ಹೆಚ್ಚಿದ್ದುವು. ಅತ್ಯಧಿಕವಾಗಿ ಹೆಚ್ಚಿದ್ದುದು ಮೂರನೆಯದು. ಅದು ಪರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಈ ಮೂರನೆಯ ವಿಧದ ಬೀಜವನ್ನು ಬಿತ್ತುವವರು ಮಗುವಿನ ಸುತ್ತಲಿರುವ ಪ್ರೀತಿಪಾತ್ರರೇ ಎಂಬುದನ್ನು ಯಾವ ದೇಶದ ಮನೆಯೂ ಯೋಚಿಸಬೇಕು.

ನಮ್ಮ ನಾಡಿನ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕಗಳು. ಇತ್ತೀಚಿನ ವರ್ಷಗಳಲ್ಲಿ 625ಕ್ಕೆ 625 ಪಡೆದವರೂ ಇದ್ದಾರೆ. ಅವರ ಭಾವಚಿತ್ರಗಳು ಪತ್ರಿಕೆಯ ಮುಖಪುಟದಲ್ಲಿ ಬರುತ್ತವೆ, ಕೋಚಿಂಗ್ ಸಂಸ್ಥೆಗಳ ಫಲಕಗಳಲ್ಲಿ ಏರುತ್ತವೆ. ಆ ಮಕ್ಕಳ ಶ್ರಮ ಅಭಿನಂದನೀಯವೇ. ಆದರೆ ಪೂರ್ಣಾಂಕವೇ ಅಳತೆಗೋಲಾದಾಗ 602 ಪಡೆದ ಮಗುವಿಗೆ ತಾನು ಪಡೆದುದು ಕಾಣಿಸದೆ, ಕಳೆದುಕೊಂಡ 23 ಮಾತ್ರ ಕಾಣಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಗಳ ಪ್ರಕಾರ 2021 ಮತ್ತು 2022ರಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ಎಲ್ಲವೂ ಪರೀಕ್ಷೆಯ ಕಾರಣದಿಂದಲ್ಲ. ಆದರೂ ಅಹಿಂಸೆಯನ್ನು ಪರಮಧರ್ಮವೆನ್ನುವ ನಮ್ಮ ಮನೆಗಳು ಈ ಸಂಖ್ಯೆಯನ್ನು ಓದಿ ಪುಟ ತಿರುಗಿಸಲಾಗದು.

3. ಶಕ್ತಿತಸ್ತಪ ಎಂದರೇನು?

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ನಾಲ್ಕನೆಯದು ಅಭೀಕ್ಷ್ಣಜ್ಞಾನೋಪಯೋಗ, ಅಂದರೆ ಜ್ಞಾನದಲ್ಲಿ ನಿರಂತರವಾದ ತೊಡಗುವಿಕೆ. ಏಳನೆಯದು ಶಕ್ತಿತಸ್ತಪ, ಅಂದರೆ ಶಕ್ತಿಗೆ ಅನುಸಾರವಾದ ತಪಸ್ಸು. ಎಡೆಬಿಡದೆ ಕಲಿಯಬೇಕೆಂದು ವಿಧಿಸಿದ ಪಟ್ಟಿಯಲ್ಲಿಯೇ, ತಪಸ್ಸು ಶಕ್ತಿಯನ್ನು ಅನುಸರಿಸಿರಬೇಕೆಂಬ ಮಾತೂ ಇದೆ. ಷೋಡಶಕಾರಣ ವ್ರತವನ್ನು ಆಚರಿಸುವ ನಮ್ಮ ಮನೆಗಳಲ್ಲಿ ಈ ಹೆಸರುಗಳನ್ನು ಪೂಜೆಯಲ್ಲಿ ಪ್ರತಿ ವರ್ಷ ಉಚ್ಚರಿಸುತ್ತೇವೆ. ಅವುಗಳ ಅರ್ಥ ಮಕ್ಕಳ ಓದಿನ ಕೋಣೆಯವರೆಗೆ ಬರುವುದಿಲ್ಲ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆಯ ತಾತ್ಪರ್ಯ ಇಷ್ಟು: ತನ್ನ ಶಕ್ತಿಯನ್ನು ಬಚ್ಚಿಡಬಾರದು, ದೇಹವನ್ನು ದಂಡಿಸುವುದಾದರೂ ಅದು ಮೋಕ್ಷಮಾರ್ಗಕ್ಕೆ ವಿರೋಧವಾಗಿರಬಾರದು. ಇಲ್ಲಿ ಎರಡು ಕಡೆಯ ಎಲ್ಲೆಗಳಿವೆ. ಶಕ್ತಿಯಿದ್ದೂ ಆಲಸ್ಯ ಮಾಡುವವನು ಒಂದು ಎಲ್ಲೆಯನ್ನು ಮೀರುತ್ತಾನೆ. ಶಕ್ತಿಯನ್ನು ಮೀರಿ ತನ್ನನ್ನು ಹಿಂಸಿಸಿಕೊಳ್ಳುವವನು ಇನ್ನೊಂದನ್ನು ಮೀರುತ್ತಾನೆ. ಆಲಸ್ಯವನ್ನು ಹಿರಿಯರು ಬೇಗನೆ ಗುರುತಿಸುತ್ತೇವೆ, ಗದರಿಸುತ್ತೇವೆ. ಎರಡನೆಯ ದೋಷವನ್ನು ಗುರುತಿಸದೆ, ಆ ಬಾಲಕಿಯ ವಿಷಯದಲ್ಲಿ ನಾನು ಮಾಡಿದಂತೆ, ಹೊಗಳಿಬಿಡುತ್ತೇವೆ.

4. ಒಂದೇ ಬೇರಿನ ಎರಡು ಪರೀಷಹಗಳು

ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಹಸಿವು ಬಾಯಾರಿಕೆಗಳನ್ನು ಎಲ್ಲರೂ ಬಲ್ಲರು. ಪ್ರಜ್ಞಾ ಮತ್ತು ಅಜ್ಞಾನ ಎಂಬ ಎರಡು ಪರೀಷಹಗಳ ಬಗ್ಗೆ ಮಕ್ಕಳಿಗೆ ಹೇಳುವವರು ಕಡಮೆ. ಬಹುಶ್ರುತನಾದವನು ‘ನನ್ನ ಮುಂದೆ ಉಳಿದವರೆಷ್ಟರವರು’ ಎಂಬ ಗರ್ವವನ್ನು ಗೆಲ್ಲುವುದು ಪ್ರಜ್ಞಾ ಪರೀಷಹಜಯ. ‘ಇವನಿಗೆ ಏನೂ ತಿಳಿಯದು’ ಎಂಬ ಜನರ ಮಾತನ್ನು ಸಹಿಸಿ, ‘ಇಷ್ಟು ಕಾಲ ಶ್ರಮಿಸಿದರೂ ನನಗೇಕೆ ಜ್ಞಾನ ಬರಲಿಲ್ಲ’ ಎಂಬ ವಿಷಾದಕ್ಕೆ ಎಡೆಗೊಡದಿರುವುದು ಅಜ್ಞಾನ ಪರೀಷಹಜಯ.

ಇಲ್ಲೊಂದು ಸೂಕ್ಷ್ಮವಿದೆ. ಈ ಎರಡೂ ಪರೀಷಹಗಳು ಜ್ಞಾನಾವರಣ ಕರ್ಮದ ಉದಯದಿಂದಲೇ ಉಂಟಾಗುತ್ತವೆಂದು ಸೂತ್ರಕಾರರು ಹೇಳಿದ್ದಾರೆ. ತಿಳಿದವನ ಗರ್ವಕ್ಕೂ ತಿಳಿಯದವನ ದುಃಖಕ್ಕೂ ಬೇರು ಒಂದೇ. ಪೂರ್ಣಾಂಕ ಬಂದಾಗ ಬೀಗುವ ಮನಸ್ಸು, ನಾಲ್ಕು ಅಂಕ ಹೋದಾಗ ಕುಸಿಯುವ ಮನಸ್ಸು ಎರಡಲ್ಲ. ಆದುದರಿಂದ ಮಗು ಗೆದ್ದಾಗ ಅತಿಯಾಗಿ ಹೊಗಳುವವರು ಅದು ಸೋತಾಗಿನ ಸಂಕಟವನ್ನೂ ಅರಿಯದೆ ಬೆಳೆಸುತ್ತಿರುತ್ತಾರೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಂಕ ಕಡಮೆಯಾದ ಮಗುವಿಗೆ ‘ಇದು ನಿನ್ನ ಕರ್ಮ’ ಎಂದು ಹೇಳುವುದು ಶಾಸ್ತ್ರದ ದುರುಪಯೋಗ. ಕರ್ಮಸಿದ್ಧಾಂತವನ್ನು ನಮ್ಮ ದೋಷ ನೋಡಿಕೊಳ್ಳಲು ಕಲಿಸಿದರು, ಇನ್ನೊಬ್ಬರ ನೋವಿಗೆ ಮುದ್ರೆಯೊತ್ತಲು ಅಲ್ಲ.

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸಿರುವ ಶಿವಭೂತಿ ಮುನಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಗುರುಗಳು ಹೇಳಿಕೊಟ್ಟ ಪಾಠ ಅವರಿಗೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನ ಹೊಟ್ಟು ಬೇರೆ, ಕಾಳು ಬೇರೆ ಎಂಬರ್ಥದ ‘ತುಷಮಾಷ’ ಎಂಬುದೊಂದನ್ನೇ ಉಚ್ಚರಿಸುತ್ತ, ಹಾಗೆಯೇ ದೇಹ ಬೇರೆ, ಆತ್ಮ ಬೇರೆ ಎಂಬ ಭಾವದಲ್ಲಿ ನೆಲೆಸಿ ಅವರು ಕೇವಲಜ್ಞಾನವನ್ನು ಪಡೆದರು. ಅದೇ ಗ್ರಂಥದಲ್ಲಿ ಭವ್ಯಸೇನ ಮುನಿಯ ಹೆಸರೂ ಇದೆ. ಬಹಳ ಶ್ರುತವನ್ನು ಓದಿದ್ದರೂ ಅವರಿಗೆ ಭಾವಶ್ರಮಣತ್ವ ದೊರೆಯಲಿಲ್ಲ. ಓದಬೇಕಾಗಿಲ್ಲವೆಂದು ಇದರ ಅರ್ಥವಲ್ಲ. ನೆನಪಿನ ಶಕ್ತಿಯಿಂದ ಆತ್ಮದ ಬೆಲೆ ಕಟ್ಟಲಾಗದೆಂದು ಅರ್ಥ.

5. ಧರಸೇನಾಚಾರ್ಯರು ನಡೆಸಿದ ಪರೀಕ್ಷೆ

ನಮ್ಮ ಪರಂಪರೆಯಲ್ಲಿ ಪರೀಕ್ಷೆಗಳು ಇರಲಿಲ್ಲವೇ? ಇದ್ದವು. ಧವಲಾ ಟೀಕೆಯಲ್ಲಿ ಬರುವ ಒಂದು ಪರೀಕ್ಷೆಯ ವೃತ್ತಾಂತವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳಬೇಕು.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಶ್ರುತವು ನಷ್ಟವಾಗಬಾರದೆಂದು, ದಕ್ಷಿಣಾಪಥದ ಆಚಾರ್ಯರಿಗೆ ಪತ್ರ ಕಳುಹಿಸಿದರು. ಅಲ್ಲಿಂದ ಇಬ್ಬರು ಮುನಿಗಳು ಬಂದರು. ಪಾಠವನ್ನು ಆರಂಭಿಸುವ ಮೊದಲು ಆಚಾರ್ಯರು ಅವರನ್ನು ಪರೀಕ್ಷಿಸಲು ಒಬ್ಬರಿಗೆ ಒಂದು ಅಕ್ಷರ ಹೆಚ್ಚಾದ ಮಂತ್ರವನ್ನೂ ಇನ್ನೊಬ್ಬರಿಗೆ ಒಂದು ಅಕ್ಷರ ಕಡಮೆಯಾದ ಮಂತ್ರವನ್ನೂ ಕೊಟ್ಟು, ಎರಡು ದಿನಗಳ ಉಪವಾಸದೊಡನೆ ಸಾಧಿಸುವಂತೆ ಹೇಳಿದರು. ಸಾಧನೆಯಾಯಿತು, ವಿದ್ಯಾದೇವತೆಗಳು ಕಾಣಿಸಿಕೊಂಡರು. ಆದರೆ ಒಬ್ಬಳ ಹಲ್ಲುಗಳು ಮುಂಚಾಚಿದ್ದವು, ಮತ್ತೊಬ್ಬಳು ಒಕ್ಕಣ್ಣಿನವಳು. ದೇವತೆಗಳ ಸಹಜ ರೂಪ ಹೀಗಿರಲಾರದೆಂದು ಮುನಿಗಳು ವಿಚಾರಮಾಡಿದರು. ಮಂತ್ರವ್ಯಾಕರಣವನ್ನು ಅನುಸರಿಸಿ ಹೆಚ್ಚಿದ್ದ ಅಕ್ಷರವನ್ನು ತೆಗೆದು, ಕಡಮೆಯಿದ್ದುದನ್ನು ಸೇರಿಸಿ ಮತ್ತೆ ಜಪಿಸಿದರು. ದೇವತೆಗಳು ಸಹಜ ರೂಪದಲ್ಲಿ ಬಂದರು. ನಡೆದುದನ್ನೆಲ್ಲ ಅವರು ಗುರುಗಳಿಗೆ ನಿವೇದಿಸಿದರು. ಆಚಾರ್ಯರು ಪ್ರಸನ್ನರಾಗಿ ಪಾಠವನ್ನು ಆರಂಭಿಸಿದರು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಅಂದು ಕಲಿತ ಶ್ರುತದಿಂದಲೇ ಷಟ್ಖಂಡಾಗಮವು ರಚಿತವಾಯಿತು. ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿಯನ್ನು ಆಚರಿಸುವುದು ಅದರ ಸ್ಮರಣೆಗಾಗಿ.

ಈ ಪರೀಕ್ಷೆಯ ಸ್ವರೂಪವನ್ನು ಗಮನಿಸಬೇಕು. ಗುರುಗಳೇ ತಪ್ಪನ್ನು ಕೊಟ್ಟಿದ್ದರು. ಮೊದಲ ಪ್ರಯತ್ನವು ವಿಕಾರವಾದ ಫಲವನ್ನು ಕೊಟ್ಟೇ ಕೊಡುತ್ತಿತ್ತು. ಯಾವ ಜಾಣನೂ ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಗುರುಗಳು ನೋಡಿದ್ದು, ವಿಕಾರವನ್ನು ಕಂಡಾಗ ಶಿಷ್ಯರು ಏನು ಮಾಡುತ್ತಾರೆ ಎಂಬುದನ್ನು. ಅವರು ಹೆದರಲಿಲ್ಲ, ಮುಚ್ಚಿಡಲಿಲ್ಲ, ಇನ್ನಷ್ಟು ಉಪವಾಸಗಳಿಂದ ತಮ್ಮನ್ನು ದಂಡಿಸಿಕೊಳ್ಳಲಿಲ್ಲ. ತಪ್ಪು ಎಲ್ಲಿದೆಯೆಂದು ಹುಡುಕಿ, ಅಷ್ಟನ್ನೇ ತಿದ್ದಿ, ಗುರುಗಳ ಮುಂದೆ ಇದ್ದುದನ್ನು ಇದ್ದಂತೆ ಹೇಳಿದರು. ಭಕ್ತಾಮರದಲ್ಲಿ ಒಂದು ಪದ ತಪ್ಪಿದಾಗ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಆ ಪದವನ್ನು ತಿದ್ದಿಕೊಂಡು ಮುಂದುವರಿದರೆ ಸಾಕು.

6. ಅಪೂರ್ಣವಾಗಿ ಉಳಿದ ಮಹಾಕೃತಿಗಳು

ಪುಷ್ಪದಂತಾಚಾರ್ಯರು ಷಟ್ಖಂಡಾಗಮವನ್ನು ಪೂರ್ಣಗೊಳಿಸಲಿಲ್ಲ. ಆರಂಭದ ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ ಜಿನಪಾಲಿತರ ಮೂಲಕ ಭೂತಬಲಿಗಳ ಬಳಿಗೆ ಕಳುಹಿಸಿದರು. ಮುಂದಿನ ಭಾಗವನ್ನು ಭೂತಬಲಿಗಳು ರಚಿಸಿದರು. ಆರಂಭಿಸಿದವರಿಗೂ ಮುಗಿಸಿದವರಿಗೂ ನಾವು ಸಮಾನವಾಗಿ ಅರ್ಘ್ಯವನ್ನು ಅರ್ಪಿಸುತ್ತೇವೆ.

ವೀರಸೇನಾಚಾರ್ಯರು ಧವಲೆಯನ್ನು ಮುಗಿಸಿ ಜಯಧವಲೆಯನ್ನು ಆರಂಭಿಸಿದರು. 20,000 ಶ್ಲೋಕಪ್ರಮಾಣದಷ್ಟು ಬರೆದು ಸ್ವರ್ಗಸ್ಥರಾದರು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನು 40,000 ಪ್ರಮಾಣವನ್ನು ಬರೆದು ಶಕವರ್ಷ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಅದನ್ನು ಪೂರೈಸಿದರು. ಅದೇ ಜಿನಸೇನರು ಮಹಾಪುರಾಣವನ್ನು ಆರಂಭಿಸಿ, ಆದಿಪುರಾಣದ 42 ಪರ್ವಗಳನ್ನೂ 43ನೆಯ ಪರ್ವದ ಮೂರು ಶ್ಲೋಕಗಳನ್ನೂ ಬರೆದು ನಿಲ್ಲಿಸಬೇಕಾಯಿತು. ಉಳಿದುದನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಮುಗಿಸಿದರು. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ನಮ್ಮ ಮೂಡುಬಿದಿರೆಯ ಬಸದಿಯು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತು. ಯಾತ್ರೆಗೆ ಹೋದಾಗ ಮಕ್ಕಳಿಗೆ ಆ ಓಲೆಗಳ ಕಥೆಯೊಡನೆ ಇದನ್ನೂ ಹೇಳಬೇಕು: ಇಷ್ಟು ದೊಡ್ಡ ಆಚಾರ್ಯರೂ ಅರ್ಧಕ್ಕೆ ನಿಲ್ಲಿಸಿದ ಪುಟಗಳಿವೆ. ಅದರಿಂದ ಅವರ ಕೀರ್ತಿಗೆ ಕುಂದಾಗಲಿಲ್ಲ. ಮುಂದಿನವರು ಆ ಪುಟದಿಂದಲೇ ಬರೆದರು.

7. ವ್ರತವೂ ದಂಡವೂ

ಉಪವಾಸವೆಂದರೆ ಆತ್ಮದ ಸಮೀಪದಲ್ಲಿ ವಾಸಮಾಡುವುದು. ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆ ಸರಿದು ಶಾಂತವಾಗುವುದು ಅದರ ಲಕ್ಷಣ. ಅನ್ನವನ್ನು ಬಿಟ್ಟು ಮನಸ್ಸು ಅಂಕಪಟ್ಟಿಯ ಸುತ್ತಲೇ ತಿರುಗುತ್ತಿದ್ದರೆ ಅದು ಆರ್ತಧ್ಯಾನ. ಫಲವನ್ನು ಬಯಸಿ ವ್ರತ ಹಿಡಿದರೆ ಅದು ನಿದಾನ ಶಲ್ಯ; ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಿಂದ ಮುಕ್ತನಾಗಿರಬೇಕೆಂದು ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ‘ಮಗನಿಗೆ ಮೆಡಿಕಲ್ ಸೀಟು ಸಿಕ್ಕಿದರೆ ಇಷ್ಟು ಉಪವಾಸ ಮಾಡುತ್ತೇನೆ’ ಎಂಬ ತಾಯಿಯ ಹರಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಆ ಹರಕೆ ಮಗನ ಕಿವಿಗೆ ಬಿದ್ದರೆ, ಸೀಟು ಸಿಗದಿದ್ದಾಗ ತಾಯಿಯ ಭಕ್ತಿಯನ್ನೂ ತಾನೇ ಕೆಡಿಸಿದೆನೆಂಬ ಭಾರ ಅವನ ಮೇಲೆ ಬೀಳುತ್ತದೆ.

ಪ್ರತಿಯೊಂದು ವ್ರತಕ್ಕೂ ಆಚಾರ್ಯರು ಐದೈದು ಅತಿಚಾರಗಳನ್ನು ಎಣಿಸಿ ಹೇಳಿದ್ದಾರೆ. ವ್ರತಿಯು ಎಡವಬಹುದೆಂದು ಅವರು ಮೊದಲೇ ಬಲ್ಲರು. ಎಡವಿದುದಕ್ಕೆ ಪ್ರತಿಕ್ರಮಣವಿದೆ, ಪ್ರಾಯಶ್ಚಿತ್ತವಿದೆ. ಅದನ್ನು ಕೊಡುವವರು ಗುರುಗಳು. ತನ್ನ ದೋಷವನ್ನು ತಾನೇ ಅಳೆದು, ದಂಡವನ್ನು ತಾನೇ ನಿರ್ಣಯಿಸಿ, ಯಾರಿಗೂ ತಿಳಿಸದೆ ಅನುಭವಿಸುವ ಪದ್ಧತಿ ನಮ್ಮ ಶ್ರಾವಕಾಚಾರಗಳಲ್ಲಿಲ್ಲ. ಅದಲ್ಲದೆ, ಗಣಿತದಲ್ಲಿ ನಾಲ್ಕು ಅಂಕ ಹೋಗುವುದು ಪಾಪವಲ್ಲ. ಪಾಪವಲ್ಲದ್ದಕ್ಕೆ ಪ್ರಾಯಶ್ಚಿತ್ತವೆಲ್ಲಿಂದ ಬಂತು?

ವೈದ್ಯರು ಹೇಳುವುದನ್ನೂ ತಿಳಿದಿರಬೇಕು. ಪರಿಪೂರ್ಣತೆಯ ಹಠವುಳ್ಳ ಹದಿಹರೆಯದವರಲ್ಲಿ ಊಟವನ್ನು ಬಿಡುತ್ತ ಹೋಗುವ ವ್ಯಾಧಿ ತಲೆದೋರುವ ಸಂಭವ ಹೆಚ್ಚು. ನಮ್ಮ ಮನೆಗಳಲ್ಲಿ ಆ ವ್ಯಾಧಿ ವ್ರತದ ಹೆಸರಿನಲ್ಲಿ ಅಡಗಿ ಕುಳಿತರೆ ಯಾರಿಗೂ ಸಂದೇಹ ಬರುವುದಿಲ್ಲ. ತೂಕ ಇಳಿಯುವುದು, ತಲೆಸುತ್ತು, ಹೆಣ್ಣುಮಕ್ಕಳಲ್ಲಿ ಋತುಕ್ರಮ ತಪ್ಪುವುದು, ಎಲ್ಲರೊಡನೆ ಕುಳಿತು ಉಣ್ಣದಿರಲು ನೆಪ ಹೇಳುವುದು, ಪಾರಣೆಯ ದಿನವೂ ಊಟಕ್ಕೆ ಹೆದರುವುದು ಕಂಡರೆ ವ್ರತವನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗತಕ್ಕದ್ದು.

8. ಮನೆಯಲ್ಲಿ ಪಾಲಿಸಬಹುದಾದ ಕೆಲವು ನಿಯಮಗಳು

(ಅ) ಪರೀಕ್ಷೆಯ ವರ್ಷದಲ್ಲಿ ಮಗು ಉಪವಾಸವನ್ನೋ ಒಪ್ಪತ್ತನ್ನೋ ಬಯಸಿದರೆ, ‘ಏಕೆ?’ ಎಂದು ಮೃದುವಾಗಿ ಕೇಳಬೇಕು. ಧರ್ಮಶ್ರದ್ಧೆಯಿಂದಲೋ ಭಯದಿಂದಲೋ ಎಂಬುದು ಉತ್ತರದಲ್ಲಿ ತಿಳಿಯುತ್ತದೆ. ಭಯದಿಂದಾದರೆ ವ್ರತ ಕೊಡಬಾರದು. ಶ್ರದ್ಧೆಯಿಂದಾದರೂ ಪ್ರಾಯ ಮತ್ತು ದೇಹಸ್ಥಿತಿಯನ್ನು ನೋಡಿ, ಹಿರಿಯರ ಅರಿವಿನಲ್ಲಿಯೇ ನಡೆಯಬೇಕು.

(ಆ) ರಾತ್ರಿಭೋಜನ ತ್ಯಾಗವುಳ್ಳ ಮಕ್ಕಳು ಸಂಜೆಯ ಟ್ಯೂಷನ್ನಿಗೆ ಹೋದರೆ ಮಧ್ಯಾಹ್ನದ ಊಟದಿಂದ ಮರುದಿನ ಬೆಳಗಿನವರೆಗೆ ಬರಿಹೊಟ್ಟೆಯಲ್ಲಿರುತ್ತಾರೆ. ಇದು ಅನೇಕ ಮನೆಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆಯುತ್ತಿದೆ. ಸೂರ್ಯಾಸ್ತಕ್ಕೆ ಮೊದಲು ಉಣ್ಣುವಂತೆ ಎರಡನೆಯ ಡಬ್ಬಿಯನ್ನು ಕಟ್ಟಿಕೊಡಬೇಕು. ಅಲ್ಲವೆ ಟ್ಯೂಷನ್ನಿನ ವೇಳೆಯನ್ನು ಬದಲಿಸಬೇಕು.

(ಇ) 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರ ಅಭಿಪ್ರಾಯ. ನಿದ್ರೆಗೆಟ್ಟು ಓದುವುದನ್ನು ತಪಸ್ಸೆಂದು ಹೊಗಳಬಾರದು.

(ಈ) ಅಭ್ಯಂತರ ತಪಸ್ಸುಗಳಲ್ಲಿ ಸ್ವಾಧ್ಯಾಯವೂ ಒಂದು. ಅದಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದು ಅಂಗಗಳು. ಇದೇ ಕ್ರಮವನ್ನು ಶಾಲೆಯ ಪಾಠಕ್ಕೂ ಅನ್ವಯಿಸಬಹುದು: ಓದುವುದು, ಸಂದೇಹ ಕೇಳುವುದು, ಮನನ ಮಾಡುವುದು, ಶುದ್ಧವಾಗಿ ಒಪ್ಪಿಸುವುದು, ತಿಳಿದುದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು. ಸಂದೇಹ ಕೇಳುವುದು ಅಜ್ಞಾನದ ಲಜ್ಜೆಯಲ್ಲ, ತಪಸ್ಸಿನ ಅಂಗವೆಂದು ಮಗುವಿಗೆ ತಿಳಿಸಬೇಕು.

(ಉ) ತಿಳಿದುದನ್ನು ಕೇಳಿದವರಿಗೆ ಮರೆಮಾಚುವುದು, ಅಸೂಯೆಯಿಂದ ಕಲಿಸದಿರುವುದು, ಇನ್ನೊಬ್ಬರ ಓದಿಗೆ ಅಡ್ಡಿಮಾಡುವುದು: ಇವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳು. ತನ್ನ ನೋಟ್ಸನ್ನು ಸಹಪಾಠಿಗೆ ಕೊಡುವೆನೆಂಬ ನಿಯಮವು ಈ ವಯಸ್ಸಿಗೆ ಒಪ್ಪತ್ತಿಗಿಂತ ಉಚಿತವಾದ ವ್ರತ.

(ಊ) ಅಂಕಪಟ್ಟಿಯನ್ನು ಮಗು ಭಯವಿಲ್ಲದೆ ತೋರಿಸುವಂತಿರಬೇಕು. ಬೈಗುಳಕ್ಕೆ ಹೆದರಿ ಅಡಗಿಸಿಟ್ಟರೆ ಮಗು ಕಲಿಯುವುದು ಮಾಯೆಯನ್ನು. 2024ರಲ್ಲಿ ಕರ್ನಾಟಕದ ಪರೀಕ್ಷಾ ಮಂಡಲಿಯು ಒಂದೇ ವರ್ಷದಲ್ಲಿ ಮೂರು ಎಸ್.ಎಸ್.ಎಲ್.ಸಿ. ಪರೀಕ್ಷೆಗಳನ್ನು ನಡೆಸಿ, ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವನ್ನು ಕೊಟ್ಟಿತು. ತಿದ್ದಿಕೊಳ್ಳಲು ಸರಕಾರವೇ ಎಡೆಗೊಟ್ಟಿರುವಾಗ ಮನೆಯು ಅದಕ್ಕಿಂತ ಕಠಿಣವಾಗಿರುವುದು ತರವೇ?

(ಋ) ‘ನಾನು ಇದ್ದು ಪ್ರಯೋಜನವಿಲ್ಲ’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಹುಡುಗಾಟವೆಂದು ಬಿಡಬಾರದು. ಪಕ್ಕದಲ್ಲಿ ಕುಳಿತು ಕೇಳಬೇಕು, ಒಂಟಿಯಾಗಿ ಬಿಡಬಾರದು, ವೈದ್ಯರ ನೆರವು ಪಡೆಯಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ; ಕನ್ನಡದಲ್ಲಿಯೂ ಮಾತನಾಡಬಹುದು.

9. ಹಿರಿಯರಿಗೊಂದು ವ್ರತ

ಇಷ್ಟೆಲ್ಲ ನಿಯಮಗಳು ಮಕ್ಕಳನ್ನು ಕುರಿತವಾದುವು. ಹಿರಿಯರು ಹಿಡಿಯಬೇಕಾದ ವ್ರತ ಒಂದಿದೆ. ಪೂರ್ವಸಿದ್ಧತಾ ಪರೀಕ್ಷೆಯ ದಿನದಿಂದ ಫಲಿತಾಂಶ ಬಂದು ಒಂದು ತಿಂಗಳವರೆಗೆ, ಯಾರ ಮಗುವಿನ ಅಂಕವನ್ನೂ ಕೇಳುವುದಿಲ್ಲ, ನಮ್ಮ ಮಗುವಿನ ಅಂಕವನ್ನು ಬಸದಿಯಲ್ಲಿಯಾಗಲಿ ಮದುವೆಮನೆಯಲ್ಲಿಯಾಗಲಿ ಹೇಳುವುದಿಲ್ಲ, ಒಂದು ಮಗುವನ್ನು ಇನ್ನೊಂದರೊಡನೆ ಹೋಲಿಸುವುದಿಲ್ಲ ಎಂಬ ವಚನ ಸಂಯಮ. ಸಮಂತಭದ್ರಾಚಾರ್ಯರು ಹೇಳಿದ ಎಂಟು ಮದಗಳಲ್ಲಿ ಜ್ಞಾನಮದವೂ ತಪೋಮದವೂ ಸೇರಿವೆ. ಮಕ್ಕಳ ಜ್ಞಾನದಿಂದ, ಮಕ್ಕಳ ತಪಸ್ಸಿನಿಂದ ನಮಗೆ ಬರುವ ಮದವೂ ಮದವೇ. ಅನ್ನವನ್ನು ಬಿಡುವುದಕ್ಕಿಂತ ಈ ವ್ರತ ಕಷ್ಟವೆಂದು ನಾನು ಅನುಭವದಿಂದ ಹೇಳಬಲ್ಲೆ.

ಆ ಬಾಲಕಿಯ ವಿಷಯವಾಗಿ ಇಷ್ಟು ಹೇಳಿ ಮುಗಿಸುತ್ತೇನೆ. ತಾಯಿಯು ಗದರಿಸಲಿಲ್ಲ. ಆ ಟಿಪ್ಪಣಿ ಪುಸ್ತಕದೊಡನೆ ಆಕೆಯನ್ನು ಕರೆದುಕೊಂಡು ಬಸದಿಗೆ ಬಂದರು, ಅಜ್ಜಿಯೂ ಜೊತೆಗಿದ್ದರು. ನಾನು ಧರಸೇನಾಚಾರ್ಯರ ಪರೀಕ್ಷೆಯ ಕಥೆಯನ್ನು ಹೇಳಿದೆ. ಎಲ್ಲರ ಎದುರಿಗೆ ಆಕೆಯನ್ನು ನಿಲ್ಲಿಸಿ ಹೊಗಳಿದ್ದು ನನ್ನ ತಪ್ಪೆಂದು ಹೇಳಿ ಕ್ಷಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿದ ಹದಿನಾಲ್ಕು ಒಪ್ಪತ್ತುಗಳ ಗತಿಯೇನು, ಗುರುಗಳೇ?” ಎಂದಳು. ಅವು ವ್ರತಗಳಾಗಿರಲಿಲ್ಲ, ಆದುದರಿಂದ ಭಂಗವೂ ಇಲ್ಲವೆಂದೆ. ಅಜ್ಜಿ ಆ ಪುಸ್ತಕವನ್ನು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ವೈದ್ಯರನ್ನೂ ಕಂಡರು. ಬಹುಕಾಲದವರೆಗೆ ಆಕೆಗೆ ಕಷ್ಟವಿತ್ತು. ಒಂದು ಮಾತಿನಿಂದ ಹೋಗುವ ಭಾರವಲ್ಲ ಅದು.

ಫಲಿತಾಂಶ ಬಂದ ದಿನ ಸಂಜೆ ಆಕೆ ದರ್ಶನಕ್ಕೆ ಬಂದಿದ್ದಳು. ಅಂಕವನ್ನು ನಾನು ಕೇಳಲಿಲ್ಲ. ಸೂರ್ಯಾಸ್ತಕ್ಕೆ ಇನ್ನೂ ಸ್ವಲ್ಪ ವೇಳೆ ಇತ್ತು. “ಊಟವಾಯಿತೇ, ಮಗು?” ಎಂದು ಕೇಳಿದೆ. “ಆಯಿತು, ಗುರುಗಳೇ” ಎಂದಳು.

ಮನನಕ್ಕಾಗಿ ಪ್ರಶ್ನೆಗಳು

1. ಶಕ್ತಿತಸ್ತಪ ಎಂಬುದರ ಎರಡು ಎಲ್ಲೆಗಳಾವುವು? ನಮ್ಮ ಮನೆಯಲ್ಲಿ ಯಾವುದನ್ನು ಮೀರುವ ಸಂಭವ ಹೆಚ್ಚು?

2. ಪ್ರಜ್ಞಾ ಮತ್ತು ಅಜ್ಞಾನ ಪರೀಷಹಗಳಿಗೆ ಒಂದೇ ಕರ್ಮವು ಕಾರಣವೆಂಬುದರಿಂದ ವಿದ್ಯಾರ್ಥಿಯು ಏನನ್ನು ತಿಳಿಯಬಹುದು?

3. ಧರಸೇನಾಚಾರ್ಯರು ಶಿಷ್ಯರಿಗೆ ತಪ್ಪಿರುವ ಮಂತ್ರಗಳನ್ನು ಕೊಟ್ಟುದೇಕೆ?

4. ಹಿರಿಯರೇ, ಕಳೆದ ಒಂದು ತಿಂಗಳಲ್ಲಿ ಮಗುವಿನೊಡನೆ ಅಂಕಗಳನ್ನು ಬಿಟ್ಟು ಬೇರೆ ಯಾವ ವಿಷಯವನ್ನು ಕುರಿತು ಮಾತನಾಡಿದ್ದೀರಿ?

5. ಮಕ್ಕಳೇ, ನೀವು ಯಾರಿಗೂ ಹೇಳದೆ ಹಿಡಿದಿರುವ ನಿಯಮವೇನಾದರೂ ಇದೆಯೇ? ಇದ್ದರೆ ಇಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಇತಿ ಶಮ್.